ಅಸ್ಥಿಪಂಜರ ತಾನಾಗಿ ನಿಲ್ಲುವುದಿಲ್ಲ

ಕುದುರೆಯ ಮುಂಗಾಲನ್ನು ಅದರ ಮೈಗೆ ಸೇರಿಸುವ ಒಂದೇ ಒಂದು ಮೂಳೆಯೂ ಇಲ್ಲ. ಮನುಷ್ಯರಲ್ಲಿ ಎದೆಯ ನಡುಮೂಳೆಯಿಂದ ಹೆಗಲಿನವರೆಗೆ ಕೊರಳೆಲುಬು ಚಾಚಿಕೊಂಡಿದೆ. ಕುದುರೆ, ಹಸು, ಜಿಂಕೆಗಳಿಗೆ ಅದೂ ಇಲ್ಲ. ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿಯ ಎದೆಗೂಡು ಎರಡು ಹೆಗಲಹಲಗೆಗಳ ನಡುವೆ ಬರೀ ಸ್ನಾಯುಗಳ ಆಸರೆಯಲ್ಲಿ ತೂಗುತ್ತಿರುತ್ತದೆ. ಮಾಂಸವನ್ನೆಲ್ಲ ತೆಗೆದರೆ ಮುಂಗಾಲುಗಳೆರಡೂ ಪಕ್ಕಕ್ಕೆ ಕಳಚಿ ಬೀಳುತ್ತವೆ. ಸಂಗ್ರಹಾಲಯದಲ್ಲಿ ನಾಲ್ಕು ಕಾಲೂರಿ ನಿಂತ ಕುದುರೆಯ ಅಸ್ಥಿಪಂಜರದಲ್ಲಿ ಹೆಗಲಹಲಗೆಯನ್ನು ಪಕ್ಕೆಲುಬಿಗೆ ಬಿಗಿದಿರುವುದು ಯಾರೋ ಹಾಕಿದ ತಂತಿ ಅಥವಾ ತಿರುಪು. ಅದನ್ನು ಎಷ್ಟು ಎತ್ತರದಲ್ಲಿ, ಎಷ್ಟು ಮುಂದಕ್ಕೆ, ಯಾವ ಓರೆಯಲ್ಲಿ ಕೂರಿಸಬೇಕೆಂದು ಮೂಳೆ ಹೇಳುವುದಿಲ್ಲ.

ಪ್ರಾಣಿಗಳ ಅಸ್ಥಿಪಂಜರವನ್ನು ಸಿದ್ಧಪಡಿಸುವ ಕೆಲಸದ ತಿರುಳು ಇರುವುದೇ ಇಲ್ಲಿ. ಅರ್ಧ ಕೆಲಸ ಮಾಂಸವನ್ನು ತೆಗೆಯುವುದು. ಇನ್ನರ್ಧ, ತೆಗೆದ ಮಾಂಸ ಎಲ್ಲೆಲ್ಲಿ ಎಷ್ಟೆಷ್ಟಿತ್ತು ಎಂಬ ಲೆಕ್ಕವನ್ನು ಇಟ್ಟುಕೊಂಡು ಮೂಳೆಗಳನ್ನು ಮತ್ತೆ ಅವುಗಳ ಜಾಗಕ್ಕೆ ತರುವುದು. ಈ ವಿದ್ಯೆ ಹಳೆಯದು. ಅಂಗರಚನಾ ತಜ್ಞ ಆಂಡ್ರಿಯಾಸ್ ವೆಸಾಲಿಯಸ್ 1543ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಡಿಸಿದ ಮಾನವ ಅಸ್ಥಿಪಂಜರ ಅಲ್ಲಿನ ವಿಶ್ವವಿದ್ಯಾಲಯದ ಅಂಗರಚನಾ ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅಂದಿನಿಂದ ಇಂದಿಗೆ ಅಂಟು, ತಂತಿ, ಔಷಧಗಳು ಬದಲಾಗಿವೆ. ಪಡಬೇಕಾದ ಪಾಡು ಅಷ್ಟೇನೂ ಬದಲಾಗಿಲ್ಲ.

ಮೊದಲು ಮೂಳೆಯ ವಿಚಾರ. ಮೂಳೆಯನ್ನು ಕಲ್ಲಿನ ಜಾತಿಗೆ ಸೇರಿಸುವವರೇ ಅದನ್ನು ಹೆಚ್ಚು ಹಾಳುಮಾಡುತ್ತಾರೆ. ಅದರ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಕ್ಯಾಲ್ಸಿಯಂ ಮತ್ತು ರಂಜಕದ ಖನಿಜ. ಉಳಿದುದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಪ್ರೋಟೀನು, ಜೊತೆಗೆ ಸ್ವಲ್ಪ ನೀರು. ಖನಿಜದಿಂದ ಗಟ್ಟಿತನ, ಕೊಲಾಜೆನ್‌ನಿಂದ ಮುರಿಯದೆ ಬಾಗುವ ಗುಣ. ಕೋಳಿಯ ತೊಡೆಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿದರೆ ಖನಿಜ ಕರಗಿ ಮೂಳೆ ರಬ್ಬರಿನ ಹಾಗೆ ಬಾಗುತ್ತದೆ. ಬೆಂಕಿಯಲ್ಲಿ ಸುಟ್ಟರೆ ಕೊಲಾಜೆನ್ ಹೋಗಿ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಮಾಂಸವೂ ಪ್ರೋಟೀನು, ಕೊಲಾಜೆನ್ ಕೂಡ ಪ್ರೋಟೀನು; ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬೇಕು. ಶುಚಿಗೊಳಿಸುವ ಎಲ್ಲ ನಿಯಮಗಳೂ ಈ ಒಂದು ಇಕ್ಕಟ್ಟಿನಿಂದ ಹುಟ್ಟಿದವು.

ಹಾಗಾಗಿಯೇ ಅನನುಭವಿಗಳಿಗೆ ಮೊದಲು ಹೊಳೆಯುವ ಎರಡು ಉಪಾಯಗಳೂ ಕೆಟ್ಟವು. ಒಂದು, ಕುದಿಸುವುದು. ಕುದಿಯುವ ನೀರಿನಲ್ಲಿ ಕೊಲಾಜೆನ್ ಜೆಲಟಿನ್ ಆಗಿ ಹೊರಬರುತ್ತದೆ, ಮಜ್ಜೆಯ ಕೊಬ್ಬು ಕರಗಿ ಮೂಳೆಯ ರಂಧ್ರಗಳೊಳಕ್ಕೆ ಇನ್ನಷ್ಟು ಇಳಿಯುತ್ತದೆ, ಹಲ್ಲುಗಳು ಸೀಳುತ್ತವೆ. ಎರಡು, ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್. ಮಾಂಸವನ್ನು ಅದು ಸೊಗಸಾಗಿ ಕರಗಿಸುತ್ತದೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ರಂಧ್ರಗಳಲ್ಲಿ ಉಳಿದ ಅಂಶ ಒಳಗಿನ ಕೊಲಾಜೆನ್ನನ್ನೂ ಕೆಡಿಸುತ್ತ ಹೋಗುತ್ತದೆ. ಅಂದು ಹೊಳೆಯುತ್ತಿದ್ದ ತಲೆಬುರುಡೆ ಕೆಲವು ವರ್ಷಗಳ ನಂತರ ಮುಟ್ಟಿದರೆ ಕೈಗೆ ಸೀಮೆಸುಣ್ಣದ ಪುಡಿಯನ್ನು ಮೆತ್ತಿಸುತ್ತದೆ. ಇದಕ್ಕೆ ಪರಿಹಾರವಿಲ್ಲ.

ಕೈ ಹಾಕುವ ಮುನ್ನ ಪ್ರಾಣಿ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಇದೆ. ಸತ್ತು ಬಿದ್ದದ್ದನ್ನು ಎತ್ತಿಕೊಂಡರೆ ತಪ್ಪೇನು ಎಂದು ಅನ್ನಿಸಬಹುದು. ಆದರೆ ಕೊಂದವರು ಯಾರು, ತಾನಾಗಿ ಸತ್ತದ್ದು ಯಾವುದು ಎಂದು ಮೂಳೆ ನೋಡಿ ಹೇಳಲಾಗದ ಕಾರಣ ಹಲವು ದೇಶಗಳ ಕಾಯಿದೆ ಕಾಡುಪ್ರಾಣಿಯ ಅವಶೇಷವನ್ನು ಇಟ್ಟುಕೊಳ್ಳುವುದನ್ನೇ ನಿರ್ಬಂಧಿಸುತ್ತದೆ. ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯಿದೆಯ ಪ್ರಕಾರ ಉದುರಿದ ಗರಿಯನ್ನು ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು; ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕಟ್ಟುನಿಟ್ಟಿನದು. ಕಾನೂನಿನಷ್ಟೇ ರೋಗದ ಭಯವೂ ನಿಜ. ಕಾರಣ ತಿಳಿಯದೆ ದಿಢೀರನೆ ಸತ್ತ ದನ, ಕುರಿಗಳ ಹತ್ತಿರ ಹೋಗಲೇಬಾರದು: ಆಂಥ್ರಾಕ್ಸ್ ರೋಗಾಣುವಿನ ಬೀಜಕಗಳು ದಶಕಗಟ್ಟಲೆ ಮಣ್ಣಿನಲ್ಲಿ ಬದುಕಿರುತ್ತವೆ. ಕಲಿಯುವವರಿಗೆ ಸಾಕುಕೋಳಿ, ಮೊಲದಂಥವೇ ಸಾಕು.

ಚರ್ಮ ಸುಲಿಯುವ ಮೊದಲು ಮಾಡಬೇಕಾದ ಕೆಲಸವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಇಡೀ ದೇಹದ ಉದ್ದ, ಹೆಗಲಿನ ಎತ್ತರ, ಕುತ್ತಿಗೆಯ ಬಾಗು, ಎದೆಗೂಡಿನ ಅಗಲ ಇವನ್ನೆಲ್ಲ ಅಳೆದು ಬರೆದಿಡಬೇಕು. ಎಲ್ಲ ಕಡೆಯಿಂದಲೂ ಛಾಯಾಚಿತ್ರ ತೆಗೆಯಬೇಕು. ಸಾಧ್ಯವಿದ್ದರೆ ಪಾದಗಳ ಎಕ್ಸ್‌ರೇ ತೆಗೆಸಿದರೆ ಇನ್ನೂ ಒಳ್ಳೆಯದು. ನಂತರ ಚರ್ಮ, ಒಳಾಂಗ, ದಪ್ಪ ಮಾಂಸವನ್ನು ಚೂರಿಯಿಂದ ತೆಗೆಯುತ್ತಾರೆ. ಕಸದ ಜೊತೆ ಮೂಳೆಗಳು ಕಳೆದುಹೋಗುವುದು ಈ ಹಂತದಲ್ಲೇ. ಬೆಕ್ಕಿನ ಕೊರಳೆಲುಬು ಯಾವ ಮೂಳೆಗೂ ತಾಗದೆ ಮಾಂಸದ ನಡುವೆ ತೇಲುತ್ತಿರುವ ಸಣ್ಣ ಕಡ್ಡಿ. ನಾಲಿಗೆಯ ಬುಡದಲ್ಲಿ ಕೆಲವು ತೆಳು ಮೂಳೆಗಳಿವೆ. ಗಂಡು ನಾಯಿಗೆ ಶಿಶ್ನದಲ್ಲೊಂದು ಮೂಳೆಯಿದೆ. ಗೂಬೆಯ ಕಣ್ಣುಗುಡ್ಡೆಯ ಸುತ್ತ ಪುಟ್ಟ ಫಲಕಗಳಿಂದಾದ ಎಲುಬಿನ ಬಳೆಯಿದೆ. ಕಣ್ಣನ್ನು ಕಿತ್ತೆಸೆದರೆ ಅದೂ ಹೋಯಿತು. ಅನುಭವಸ್ಥರು ನಾಲ್ಕು ಪಾದಗಳನ್ನು ನಾಲ್ಕು ನೈಲಾನ್ ಕಾಲುಚೀಲಗಳಲ್ಲಿ ಬೇರೆಬೇರೆ ಕಟ್ಟಿ, ಎಡ ಬಲ, ಮುಂದೆ ಹಿಂದೆ ಎಂದು ಗುರುತು ಹಾಕುತ್ತಾರೆ. ನಾಲ್ಕು ಪಾದಗಳ ಮೂಳೆಗಳು ಒಂದೇ ಬಕೆಟ್ಟಿನಲ್ಲಿ ಬೆರೆತವೆನ್ನಿ, ಬಿಡಿಸುವವರ ತಾಳ್ಮೆಗೆ ದೇವರೇ ಗತಿ.

ಮಾಂಸ ತೆಗೆಯುವುದರಲ್ಲಿ ಜಗತ್ತಿನ ದೊಡ್ಡ ಸಂಗ್ರಹಾಲಯಗಳೂ ನೆಚ್ಚಿಕೊಂಡಿರುವುದು ಒಂದು ಹುಳುವನ್ನು. ಡರ್ಮೆಸ್ಟಿಸ್ ಮ್ಯಾಕುಲೇಟಸ್ ಎಂಬ ಕಪ್ಪು ಜೀರುಂಡೆ ಒಂದು ಸೆಂಟಿಮೀಟರ್‌ಗೂ ಚಿಕ್ಕದು. ಅದರ ರೋಮಭರಿತ ಮರಿಹುಳುಗಳೇ ನಿಜವಾದ ಕೆಲಸಗಾರರು. ನಿಸರ್ಗದಲ್ಲಿ ಅವು ಹೆಣದ ಮೇಲೆ ಕೊನೆಯಲ್ಲಿ ಬರುವ ಅತಿಥಿಗಳು: ಹಸಿ ಮಾಂಸ ಅವಕ್ಕೆ ಸೇರದು, ಒಣಗಿದ್ದೇ ಬೇಕು. ಆದ್ದರಿಂದ ದೇಹವನ್ನು ಮೊದಲು ಗಾಳಿಯಲ್ಲಿ ಒಣಗಿಸಿ, 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಪೆಟ್ಟಿಗೆಯೊಳಗೆ ಇಡುತ್ತಾರೆ. ತುಂಬಿದ ಪೆಟ್ಟಿಗೆಯ ಮುಚ್ಚಳಕ್ಕೆ ಕಿವಿಯಿಟ್ಟರೆ ಸಣ್ಣಗೆ ಚರಚರ ಸದ್ದು ಕೇಳುತ್ತದೆ. ಇಲಿಯ ತಲೆಯನ್ನು ಅವು ಒಂದೆರಡು ದಿನಗಳಲ್ಲಿ ಮುಗಿಸಬಲ್ಲವು. ದೊಡ್ಡ ಪ್ರಾಣಿಗೆ ವಾರಗಳು ಬೇಕು.

ಹುಳುಗಳ ದೊಡ್ಡ ಗುಣವೆಂದರೆ ಮೂಳೆ ಮೂಳೆಯನ್ನು ಬಿಗಿದ ಅಸ್ಥಿರಜ್ಜುಗಳಿಗೆ ಅವು ಕೊನೆಯಲ್ಲಿ ಬಾಯಿ ಹಾಕುತ್ತವೆ. ಸರಿಯಾದ ಹೊತ್ತಿಗೆ ಎತ್ತಿಕೊಂಡರೆ ಬಾವಲಿ, ಗುಬ್ಬಿ, ಹಾವುಗಳ ಅಸ್ಥಿಪಂಜರ ಬಿಡಿಯಾಗದೆ ಇಡಿಯಾಗಿ ಸಿಗುತ್ತದೆ. ಹಾವಿಗೆ ಜಾತಿಯನ್ನು ಅವಲಂಬಿಸಿ 200ರಿಂದ 400 ಕಶೇರುಗಳು (ಬೆನ್ನುಮೂಳೆಯ ಮಣಿಗಳು), ದೇಹದ ಭಾಗದ ಪ್ರತಿ ಕಶೇರಿಗೂ ಒಂದು ಜೊತೆ ಪಕ್ಕೆಲುಬು. ಅದನ್ನು ಬಿಡಿಯಾಗಿಸಿ ಮತ್ತೆ ಪೋಣಿಸುವ ಸಾಹಸ ಯಾರಿಗೂ ಬೇಡ. ಹೊತ್ತು ಮೀರಿದರೆ ಕೀಲುಗಳೂ ಹೋಗುತ್ತವೆ, ಹಸಿದ ಹುಳುಗಳು ತೆಳುಮೂಳೆಯನ್ನೂ ಕೆರೆಯುತ್ತವೆ. ತಪ್ಪಿಸಿಕೊಂಡರಂತೂ ಅವುಗಳಿಗೆ ಸಂಗ್ರಹಾಲಯದ ತೊಗಲು, ಗರಿ, ಒಣಗಿಸಿಟ್ಟ ಕೀಟಗಳೆಲ್ಲ ಮೃಷ್ಟಾನ್ನ. ಅದಕ್ಕೇ ಅವನ್ನು ಸಂಗ್ರಹದಿಂದ ದೂರದ ಕೋಣೆಯಲ್ಲಿ ಸಾಕುತ್ತಾರೆ. ಹೊರಬಂದ ಮೂಳೆಯನ್ನು ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಹಲವು ದಿನ ಇಟ್ಟು ಉಳಿದ ಮೊಟ್ಟೆ, ಮರಿಗಳನ್ನು ಕೊಲ್ಲುತ್ತಾರೆ.

ಎರಡನೆಯ ದಾರಿ ನೀರಿನಲ್ಲಿ ಕೊಳೆಸುವುದು. ಬಕೆಟ್, ನೀರು, ಮುಚ್ಚಳ ಇಷ್ಟೇ ಸಾಮಗ್ರಿ. ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಮೀನಿನ ತೊಟ್ಟಿಯ ಹೀಟರ್ ಹಾಕಿ ನೀರನ್ನು 35 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ತಿಂಗಳುಗಳ ಕೆಲಸ ವಾರಗಳಲ್ಲಿ ಮುಗಿಯುತ್ತದೆ. ನೀರು ಬದಲಿಸುವಾಗ ಹಳೆಯದನ್ನು ಸ್ವಲ್ಪ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಮತ್ತೆ ಮೊದಲಿನಿಂದ ಬೆಳೆಯಬೇಕಾಗುತ್ತದೆ. ವಾಸನೆಯ ಬಗ್ಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ: ಅದು ಬಟ್ಟೆಗೆ, ಕೂದಲಿಗೆ ಹತ್ತಿದರೆ ಸುಲಭಕ್ಕೆ ಬಿಡದು. ಆದರೆ ಮಧ್ಯಮ ಮತ್ತು ದೊಡ್ಡ ಪ್ರಾಣಿಗಳಿಗೆ ಇಷ್ಟು ಅಗ್ಗದ, ಇಷ್ಟು ಶುಭ್ರ ಫಲ ಕೊಡುವ ವಿಧಾನ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಎಲ್ಲವೂ ಕರಗುವುದರಿಂದ ಎಲ್ಲ ಮೂಳೆಗಳೂ ಬಿಡಿಬಿಡಿಯಾಗುತ್ತವೆ. ಎಳೆಯ ಪ್ರಾಣಿಯಾದರೆ ಉದ್ದಮೂಳೆಗಳ ತುದಿಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಅವೂ ಕಳಚಿ ಗುಂಡುಕಲ್ಲುಗಳ ಹಾಗೆ ತಳದಲ್ಲಿ ಬಿದ್ದಿರುತ್ತವೆ. ನೀರನ್ನು ಜರಡಿಯಿಲ್ಲದೆ ಚೆಲ್ಲಬಾರದು.

ಮಣ್ಣಿನಲ್ಲಿ ಹೂಳುವುದು, ಪ್ರೋಟೀನನ್ನು ಒಡೆಯುವ ಕಿಣ್ವದ ಪುಡಿ ಬಳಸುವುದು ಎಂಬ ದಾರಿಗಳೂ ಇವೆ. ಮಣ್ಣು ನಂಬಿಕಸ್ಥ ಗೆಳೆಯನಲ್ಲ: ಆಮ್ಲೀಯ ಮಣ್ಣು ಮೂಳೆಯನ್ನು ತಿನ್ನುತ್ತದೆ, ಬೇರುಗಳು ಗೀರು ಹಾಕುತ್ತವೆ, ಬೆರಳ ತುದಿಯ ಮೂಳೆಗಳು ಮಾಯವಾಗುತ್ತವೆ. ಕಿಣ್ವ ಬೇಗ ಮುಗಿಸುತ್ತದೆ, ಕಣ್ಣಿಟ್ಟು ಕಾಯದಿದ್ದರೆ ಕೊಲಾಜೆನ್ನನ್ನೂ ಮುಟ್ಟುತ್ತದೆ.

ಮಾಂಸ ಹೋದ ಮೂಳೆ ನೋಡಲು ಸಿದ್ಧವಾದಂತೆ ಕಾಣುತ್ತದೆ. ಹೆಚ್ಚಿನ ಕೆಲಸಗಳು ಕೆಡುವುದು ಈ ಭ್ರಮೆಯಿಂದ. ಒಳಗೆ ಕೊಬ್ಬು ಇನ್ನೂ ಇದೆ. ಕೆಲವು ತಿಂಗಳಲ್ಲಿ ತೊಡೆಮೂಳೆಯ ತುದಿಗಳಲ್ಲಿ, ಕಶೇರುಗಳ ಬದಿಯಲ್ಲಿ ಜೇನುಬಣ್ಣದ ಕಲೆಗಳು ಮೇಲೇಳುತ್ತವೆ. ಧೂಳು ಅಂಟುತ್ತದೆ, ಹಳಸಿದ ಎಣ್ಣೆಯ ವಾಸನೆ ಬರುತ್ತದೆ, ಅಂಟು ಹಿಡಿಯುವುದಿಲ್ಲ. ಜಿಡ್ಡು ತೆಗೆಯಲು ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಮೂಳೆಗಳನ್ನು ಇಟ್ಟು, ನೀರು ಕಲಕಿದಾಗಲೆಲ್ಲ ಬದಲಿಸುತ್ತಾರೆ. ನೀರು ಕಲಕದೆ ತಿಳಿಯಾಗಿ ಉಳಿಯುವವರೆಗೆ ಇದು ನಡೆಯಬೇಕು: ಮೊಲಕ್ಕೆ ವಾರಗಳು, ಹಂದಿ, ಕರಡಿಗಳಿಗೆ ತಿಂಗಳುಗಳು. ಅಸಿಟೋನ್ ಎಂಬ ದ್ರಾವಕ ಜಿಡ್ಡನ್ನು ಚೆನ್ನಾಗಿ ಕರಗಿಸುತ್ತದೆ. ಆದರೆ ಅದರ ಆವಿಗೆ ಒಂದು ಕಿಡಿ ಸಾಕು.

ತಿಮಿಂಗಿಲದ ಮೂಳೆಯಲ್ಲಿರುವಷ್ಟು ಎಣ್ಣೆ ಬೇರೆಲ್ಲೂ ಇರಲಾರದು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ದಡಕ್ಕೆ 1987ರಲ್ಲಿ ಬಂದು ಬಿದ್ದ ನೀಲಿ ತಿಮಿಂಗಿಲವನ್ನು ಅಲ್ಲೇ ಹೂಳಲಾಯಿತು. ವ್ಯಾಂಕೂವರ್‌ನ ಬೀಟಿ ಜೀವವೈವಿಧ್ಯ ಸಂಗ್ರಹಾಲಯಕ್ಕಾಗಿ 2008ರಲ್ಲಿ ಅಗೆದಾಗ, ಇಪ್ಪತ್ತು ವರ್ಷಗಳಲ್ಲಿ ಬರೀ ಮೂಳೆ ಉಳಿದಿರುತ್ತದೆಂಬ ಲೆಕ್ಕಾಚಾರ ತಲೆಕೆಳಗಾಯಿತು. ಚರ್ಮ, ಕೊಬ್ಬು ಇನ್ನೂ ಅಂಟಿಕೊಂಡಿದ್ದವು. ಅಮೆರಿಕದ ನ್ಯೂ ಬೆಡ್‌ಫೋರ್ಡ್ ತಿಮಿಂಗಿಲ ಬೇಟೆ ಸಂಗ್ರಹಾಲಯದಲ್ಲಿ ಕೋಬೋ ಎಂಬ ಎಳೆಯ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತದೆ. ಹಡಗಿಗೆ ಡಿಕ್ಕಿಯಾಗಿ 1998ರಲ್ಲಿ ಸತ್ತದ್ದು ಅದು. 2000ದಲ್ಲಿ ತೂಗುಹಾಕಿದ ಮೇಲೂ ವರ್ಷಾನುವರ್ಷ ಅದರ ಮೂಳೆಯಿಂದ ಎಣ್ಣೆ ಜಿನುಗುತ್ತಲೇ ಬಂದಿದೆ; ತೊಟ್ಟಿಕ್ಕುವ ಎಣ್ಣೆಯನ್ನು ಹಿಡಿಯಲು ಒಂದು ಗಾಜಿನ ಪಾತ್ರೆಯನ್ನೇ ಜೋಡಿಸಿಟ್ಟಿದ್ದಾರೆ.

ಬಿಳುಪು ಬರಿಸುವುದು ಶುಚಿಗೊಳಿಸುವ ಕೆಲಸದ ಕೊನೆಯ ಹಂತ, ನನ್ನ ಮಟ್ಟಿಗೆ ಅತಿ ಕಡಿಮೆ ಮುಖ್ಯವಾದ ಹಂತ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒಂದೆರಡು ದಿನ ಮುಳುಗಿಸಿದರೆ ಕಲೆಗಳು ಹೋಗುತ್ತವೆ, ರೋಗಾಣುಗಳೂ ಬಹುಮಟ್ಟಿಗೆ ಸಾಯುತ್ತವೆ. ಆಮ್ಲಜನಕ ಬಿಡುಗಡೆಯಾಗುತ್ತಿರುವುದರಿಂದ ಮುಚ್ಚಳವನ್ನು ಬಿಗಿಯಬಾರದು. ಬಿಗಿದರೆ ಡಬ್ಬಿ ಸಿಡಿಯುತ್ತದೆ. ಮೂಳೆಯ ಸಹಜ ಬಣ್ಣ ಕೆನೆಯದು. ಅದನ್ನು ಹಾಳೆಯ ಬಿಳುಪಿಗೆ ತರುವ ಹಟ ಇರುವವರು ಪ್ಲಾಸ್ಟಿಕ್ ಮಾದರಿಯನ್ನೇ ಕೊಳ್ಳಬಹುದು.

ಈಗ ಮೇಜಿನ ಮೇಲೆ ಒಂದು ಬೆಕ್ಕಿನ ಇನ್ನೂರಕ್ಕೂ ಹೆಚ್ಚು ಮೂಳೆಗಳು ಹರಡಿವೆ ಎಂದುಕೊಳ್ಳೋಣ. ಮೊದಲು ಬೆನ್ನುಮೂಳೆ. ಕುತ್ತಿಗೆಯಲ್ಲಿ ಏಳು ಕಶೇರುಗಳು. ಇಲಿಯಿಂದ ಜಿರಾಫೆಯವರೆಗೆ ಬಹುತೇಕ ಎಲ್ಲ ಸಸ್ತನಿಗಳಿಗೂ ಏಳೇ, ಮರದಲ್ಲಿ ಬದುಕುವ ಸ್ಲಾತ್ ಮತ್ತು ನೀರಿನಲ್ಲಿ ಬದುಕುವ ಮನಾಟಿಗಳು ಅಪವಾದ. ತಲೆಬುರುಡೆಯನ್ನು ಹೊರುವ ಮೊದಲನೆಯದು ರೆಕ್ಕೆ ಬಿಚ್ಚಿದ ಉಂಗುರ. ಎರಡನೆಯದಕ್ಕೆ ಮುಂದಕ್ಕೆ ಚಾಚಿದ ಗೂಟವಿದೆ, ತಲೆ ಅತ್ತಿತ್ತ ತಿರುಗುವುದು ಅದರ ಸುತ್ತ. ಪಕ್ಕೆಲುಬು ಕೂರುವ ನುಣುಪಾದ ಗುಳಿಗಳಿದ್ದರೆ ಅದು ಎದೆಭಾಗದ ಕಶೇರು. ಎರಡು ನೆರೆಯ ಕಶೇರುಗಳನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಕೂಡಿಸಿದರೆ ಅವುಗಳ ಕೀಲುಮುಖಗಳು ಒಂದರೊಳಗೊಂದು ಜಾರಿ ಕೂರುತ್ತವೆ. ತಪ್ಪು ಜೋಡಿ ಅಲ್ಲಾಡುತ್ತದೆ. ಪುಸ್ತಕದ ಚಿತ್ರಕ್ಕಿಂತ ಬೆರಳಿನ ಸ್ಪರ್ಶ ಇಲ್ಲಿ ಹೆಚ್ಚು ನಂಬಲರ್ಹ. ಪಕ್ಕೆಲುಬುಗಳನ್ನು ಮೊದಲು ಎಡ ಬಲ ಎಂದು ವಿಂಗಡಿಸಿ, ಆಮೇಲೆ ಉದ್ದದ ಪ್ರಕಾರ ಸಾಲಾಗಿಸುತ್ತಾರೆ. ಅತ್ಯಂತ ಕಷ್ಟದ್ದು ಮಣಿಕಟ್ಟು ಮತ್ತು ಹಿಮ್ಮಡಿಯ ಗುಂಡು ಮೂಳೆಗಳು. ಚೀಲದಲ್ಲಿ ಕಟ್ಟಿಟ್ಟದ್ದರ, ಎಕ್ಸ್‌ರೇ ತೆಗೆಸಿದ್ದರ ಬೆಲೆ ಈಗ ಗೊತ್ತಾಗುತ್ತದೆ.

ಕಶೇರುಗಳನ್ನು ಒಂದಕ್ಕೊಂದು ತಾಗಿಸಿ ಅಂಟಿಸಿದರೆ ಪ್ರಾಣಿ ಗಿಡ್ಡವಾಗುತ್ತದೆ. ಜೀವಂತವಿದ್ದಾಗ ಅವುಗಳ ನಡುವೆ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ಬಿಲ್ಲೆಗಳಿದ್ದವು. ಮನುಷ್ಯನ ಬೆನ್ನುಮೂಳೆಯ ಉದ್ದದಲ್ಲಿ ಸುಮಾರು ಕಾಲು ಭಾಗ ಅವುಗಳದೇ. ಆ ಜಾಗಕ್ಕೆ ಸಿಲಿಕೋನ್, ಫೆಲ್ಟ್ ಅಥವಾ ಬೆಂಡಿನ ತುಂಡುಗಳನ್ನು ಕತ್ತರಿಸಿ ಇಡಬೇಕು. ದಪ್ಪ ಎಷ್ಟು? ಚರ್ಮ ಸುಲಿಯುವ ಮೊದಲು ಬರೆದಿಟ್ಟ ಅಳತೆಯೇ ಉತ್ತರ. ಬೆನ್ನುಹುರಿ ಹಾದುಹೋಗುತ್ತಿದ್ದ ಕೊಳವೆಯೊಳಗೆ ಒಂದು ಉಕ್ಕಿನ ಸರಳನ್ನು ತೂರಿಸುತ್ತಾರೆ. ಆ ಸರಳನ್ನು ಮೊದಲೇ ಬಗ್ಗಿಸಿಕೊಳ್ಳಬೇಕು. ಬೆನ್ನಿನ ಬಾಗು ತಪ್ಪಿದರೆ ಮುಂದೆ ಏನು ಮಾಡಿದರೂ ಪ್ರಾಣಿ ಪ್ರಾಣಿಯಾಗಿ ಕಾಣುವುದಿಲ್ಲ. ಪಕ್ಕೆಲುಬನ್ನು ಎದೆಮೂಳೆಗೆ ಸೇರಿಸುವ ಮೃದ್ವಸ್ಥಿ ಒಣಗಿದಾಗ ಕುಗ್ಗಿ ಮುರುಟುತ್ತದೆ. ಹಾಗಾಗಿ ಅದನ್ನು ತೆಗೆದು, ಅದೇ ಆಕಾರದ ತಂತಿಯ ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳವನ್ನು ಮೆತ್ತಿ ಹೊಸದಾಗಿ ಮಾಡುವುದು ವಾಡಿಕೆ.

ಕಾಲುಗಳ ಕೀಲುಗಳಲ್ಲಿ ಸಣ್ಣ ರಂಧ್ರ ಕೊರೆದು ತಂತಿ ಹಾಕುತ್ತಾರೆ. ಕಬ್ಬಿಣದ ತಂತಿ ತುಕ್ಕು ಹಿಡಿದು ಮೂಳೆಗೆ ಕಲೆ ಮಾಡುತ್ತದೆ; ತಾಮ್ರಕ್ಕೆ ಉಳಿದ ಜಿಡ್ಡು ತಾಗಿದರೆ ಹಸಿರು ಕಿಲುಬು. ತುಕ್ಕು ಹಿಡಿಯದ ಉಕ್ಕು ಎಲ್ಲಕ್ಕಿಂತ ವಾಸಿ. ಕೊರೆಯುವಾಗ ಮೂಗು ಬಾಯಿಗೆ ಮುಖಗವಸು ಇರಲೇಬೇಕು, ಮೂಳೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಂಟಿನ ಆಯ್ಕೆಯಲ್ಲಿ ಸಂಗ್ರಹಾಲಯದವರು ನೋಡುವುದು ಅದು ಎಷ್ಟು ಬಿಗಿ ಎಂಬುದನ್ನಲ್ಲ, ಬೇಕಾದಾಗ ಬಿಡಿಸಬಹುದೇ ಎಂಬುದನ್ನು. ಪ್ಯಾರಲಾಯ್ಡ್ ಬಿ-72 ಎಂಬ ರಾಳ ಅಸಿಟೋನ್‌ನಲ್ಲಿ ಮತ್ತೆ ಕರಗುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂಗೆ ಅಂಥ ದಾಕ್ಷಿಣ್ಯವಿಲ್ಲ.

ಹೆಗಲಹಲಗೆಯ ಜಾಗ, ಬೆನ್ನಿನ ಬಾಗು, ಮೊಣಕಾಲಿನ ಕೋನ ಇವೆಲ್ಲ ಜೋಡಿಸುವವರ ತೀರ್ಮಾನ. ನೋಡುವವರಿಗೆ ಅದು ತೀರ್ಮಾನವಾಗಿ ಕಾಣುವುದಿಲ್ಲ, ಸತ್ಯವಾಗಿ ಕಾಣುತ್ತದೆ. ಇಂಗ್ಲಿಷ್ ಅಂಗರಚನಾ ತಜ್ಞ ರಿಚರ್ಡ್ ಓವೆನ್ 1866ರಲ್ಲಿ ಅಳಿದುಹೋದ ಡೋಡೋ ಹಕ್ಕಿಯ ಅಸ್ಥಿಪಂಜರವನ್ನು ಚಿತ್ರಿಸಿದಾಗ, ಹದಿನೇಳನೇ ಶತಮಾನದ ಚಿತ್ರಕಾರ ರೂಲಾಂಟ್ ಸೇವರಿ ಬಿಡಿಸಿದ್ದ ಡೋಡೋವಿನ ಹೊರರೇಖೆಯೊಳಗೆ ಮೂಳೆಗಳನ್ನು ಹೊಂದಿಸಿದ. ಪರಿಣಾಮವಾಗಿ ಹಕ್ಕಿ ಕುಳ್ಳಾಗಿ, ಡೊಳ್ಳು ಹೊಟ್ಟೆಯದಾಯಿತು. ಇನ್ನಷ್ಟು ಮೂಳೆಗಳು ಕೈಸೇರಿದ ಮೇಲೆ ಓವೆನ್‌ನೇ ಅದನ್ನು ನೆಟ್ಟಗೆ ನಿಲ್ಲಿಸಿದ. ಬೆಲ್ಜಿಯಂನ ಬೆರ್ನಿಸಾರ್ ಗಣಿಯಲ್ಲಿ 1878ರಲ್ಲಿ ಸಿಕ್ಕ ಇಗ್ವಾನೊಡಾನ್ ಎಂಬ ಡೈನೋಸಾರಿನ ಪಳೆಯುಳಿಕೆಯನ್ನು 1882ರಲ್ಲಿ ಕಾಂಗರೂವಿನ ಭಂಗಿಯಲ್ಲಿ ನಿಲ್ಲಿಸಿದರು. ಅದರ ಬಾಲದ ಉದ್ದಕ್ಕೂ ಎಲುಬಾಗಿ ಗಟ್ಟಿಯಾದ ಸ್ನಾಯುರಜ್ಜುಗಳಿದ್ದವು. ಹಾಗೆ ಬಾಗಬೇಕಾದರೆ ಬಾಲ ಮುರಿಯಲೇಬೇಕಿತ್ತು. ಮೂಳೆ ಬೇಡವೆಂದು ಹೇಳುತ್ತಿದ್ದರೂ ಕೇಳಿಸಿಕೊಳ್ಳದ ನಿದರ್ಶನವಿದು.

ಸರಿಯಾಗಿ ಮಾಡಿದವರೂ ಇದ್ದಾರೆ. ನ್ಯೂಯಾರ್ಕ್‌ನ ಅಮೆರಿಕನ್ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ಎಸ್. ಎಚ್. ಚಬ್ ಓಡುವ ಕುದುರೆಗಳ ಛಾಯಾಚಿತ್ರಗಳನ್ನು ತೆಗೆದು, ಮೈಯ ಚಲನೆಯಲ್ಲಿ ಮೂಳೆ ಎಲ್ಲಿರುತ್ತದೆಂದು ಲೆಕ್ಕ ಹಾಕಿದ. ಸೈಸನ್‌ಬಿ ಎಂಬ ಪ್ರಸಿದ್ಧ ಪಂದ್ಯದ ಕುದುರೆಯ ಅಸ್ಥಿಪಂಜರವನ್ನು ನಾಗಾಲೋಟದಲ್ಲಿ ನಿಲ್ಲಿಸಿದ. ಲಂಡನ್ನಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ನೀಲಿ ತಿಮಿಂಗಿಲ ಹೋಪ್ 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ದಡಕ್ಕೆ ಸಿಲುಕಿದ್ದು, 25.2 ಮೀಟರ್ ಉದ್ದ, 221 ಮೂಳೆಗಳು. 1938ರಿಂದ ಅದು ನೇರ ದಂಡದ ಹಾಗೆ ತೂಗುತ್ತಿತ್ತು. ತಿಮಿಂಗಿಲಗಳು ನೀರೊಳಗೆ ಹೇಗೆ ಮೇಯುತ್ತವೆಂಬುದು ಅನಂತರದ ದಶಕಗಳಲ್ಲಿ ತಿಳಿಯಿತು. 2017ರಲ್ಲಿ ಅದನ್ನು ಮುಖ್ಯ ಸಭಾಂಗಣಕ್ಕೆ ತಂದಾಗ ಬಾಯಿ ತೆರೆದು, ಬೆನ್ನು ಬಾಗಿಸಿ, ಬೇಟೆಗೆ ಧುಮುಕುವ ಭಂಗಿ ಕೊಟ್ಟರು. ಮೂಳೆಗಳು ಅವೇ.

ಕಲಾವಿದರಿಗೆ ಈ ನಿಯಮಗಳು ಕಟ್ಟುಪಾಡಲ್ಲ. ಡಚ್ ಅಂಗರಚನಾ ತಜ್ಞ ಫ್ರೆಡೆರಿಕ್ ರೂಯಿಷ್ ಭ್ರೂಣಗಳ ಅಸ್ಥಿಪಂಜರಗಳನ್ನು ಮೂತ್ರಪಿಂಡದ ಕಲ್ಲುಗಳ ಗುಡ್ಡ, ರಕ್ತನಾಳಗಳ ಗಿಡಮರಗಳ ನಡುವೆ ನಿಲ್ಲಿಸಿ ಮರಣದ ದೃಶ್ಯಗಳನ್ನು ಕಟ್ಟುತ್ತಿದ್ದ. ರಷ್ಯಾದ ಮಹಾ ಪೀಟರ್ 1717ರಲ್ಲಿ ಅವನ ಸಂಗ್ರಹವನ್ನೇ ಕೊಂಡ. ಇಂದಿನ ಕಣ್ಣಿಗೆ ಅದು ಅಹಿತವೆನಿಸಿದರೆ ಆಶ್ಚರ್ಯವಿಲ್ಲ. ಆ ಭ್ರೂಣಗಳ ಪರವಾಗಿ ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಾಣಿಗಳ ಮೂಳೆಯಿಂದ ಕಲಾಕೃತಿ ಮಾಡುವವರು ಎರಡು ಜಾತಿಯ ಮೂಳೆಗಳನ್ನು ಕೂಡಿಸಬಹುದು, ಬಣ್ಣ ಬಳಿಯಬಹುದು, ಕೀಲನ್ನು ಅಸಾಧ್ಯವಾದ ಕಡೆಗೆ ತಿರುಗಿಸಬಹುದು. ನನಗೆ ಅದರಲ್ಲಿ ತಕರಾರಿಲ್ಲ, ಶಾಲೆಯ ಕಪಾಟಿನಲ್ಲಿ ಅದು ಪ್ರಾಣಿಯ ನಿಜರೂಪವೆಂಬ ಹಣೆಪಟ್ಟಿಯೊಂದಿಗೆ ಬರದಿದ್ದರೆ ಆಯಿತು.

ಶಿಕ್ಷಣಕ್ಕೆಂದು ಮಾಡಿದ್ದಕ್ಕೆ ಒಂದು ಚೀಟಿ ಬೇಕು. ಪ್ರಾಣಿಯ ಜಾತಿ, ಲಿಂಗ, ಅಂದಾಜು ವಯಸ್ಸು, ಸಿಕ್ಕ ಸ್ಥಳ ಮತ್ತು ದಿನಾಂಕ, ಯಾವ ಅನುಮತಿಯ ಮೇಲೆ ಪಡೆದದ್ದು, ಶುಚಿಗೊಳಿಸಿದ ವಿಧಾನ, ಬಳಸಿದ ಅಂಟು, ಯಾವ ಮೂಳೆ ಅಸಲಿ, ಯಾವುದು ಅಚ್ಚು ಎರೆದು ಸೇರಿಸಿದ್ದು ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ಪೀಠದ ಅಡಿಗೆ ಅಂಟಿಸಿ, ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ಒಳ್ಳೆಯದು. ಮೂವತ್ತು ವರ್ಷಗಳ ನಂತರ ಸಡಿಲಾದ ಕೀಲನ್ನು ಬಿಗಿಯಲು ಬರುವವರು ಮೊದಲು ಹುಡುಕುವುದು ಆ ಚೀಟಿಯನ್ನೇ.